ತರಗತಿಗೆ ಬಣ್ಣ ಬದಲಿಸುವ ಬೆಳಕು: ಅಳತೆಯಿಂದ ಬಟನ್‌ವರೆಗೆ ಸಮಗ್ರ ಮಾರ್ಗದರ್ಶಿ

ತರಗತಿಗೆ ಹಳದಿಯಿಂದ ಬಿಳಿಗೆ ಬದಲಾಗುವ ಎಲ್‌ಇಡಿ ದೀಪ ಹಾಕಿಸಿದವರ ದೂರು ಹೆಚ್ಚುಕಡಿಮೆ ಒಂದೇ. ಮೊದಲ ವಾರ ಎಲ್ಲರೂ ಬಟನ್ ಒತ್ತಿ ಒತ್ತಿ ನೋಡುತ್ತಾರೆ. ಆಮೇಲೆ ಯಾರೋ ಒಂದು ಬಣ್ಣಕ್ಕೆ ಇಟ್ಟು ಹೋಗುತ್ತಾರೆ, ವರ್ಷವಿಡೀ ಅದೇ ಬಣ್ಣ. ಕೆಲವು ಕಡೆ ಇನ್ನೂ ಕಷ್ಟ. ಹಳದಿಗೆ ಹಾಕಿದರೆ ಹಿಂದಿನ ಬೆಂಚಿಗೆ ಬೋರ್ಡ್ ಸರಿಯಾಗಿ ಕಾಣುವುದಿಲ್ಲ. ಡಿಮ್ ಮಾಡಿದರೆ ಮಕ್ಕಳಿಗೆ ತಲೆನೋವು. ಕರೆಂಟ್ ಹೋಗಿ ಬಂದರೆ ಒಂದೊಂದು ದೀಪ ಒಂದೊಂದು ಬಣ್ಣ.

ದೀಪವೇ ಸರಿಯಿಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬಹಳ ಸಲ ತಪ್ಪಿರುವುದು ಕೆಲಸದ ಕ್ರಮ. ಬಣ್ಣ ನೋಡಿ ದೀಪ ಕೊಂಡು, ಉಳಿದದ್ದನ್ನೆಲ್ಲ ಆಮೇಲೆ ಹೊಂದಿಸಲು ಹೋಗಿರುತ್ತಾರೆ. ಮೊದಲು ಬೆಳಕು ಸಾಕಷ್ಟಿದೆಯಾ ನೋಡಬೇಕು. ನಂತರ ದೀಪ ಮಿನುಗುತ್ತದೆಯಾ ನೋಡಬೇಕು. ನಂತರ ವೈರಿಂಗ್ ಮತ್ತು ಯಾವ ದೀಪ ಯಾವ ಗುಂಪಿಗೆ ಅನ್ನುವುದು. ಬಣ್ಣದ ಸರದಿ ಅದಾದ ಮೇಲೆ. ಈ ಬರಹದ ಹಂತಗಳೂ ಅದೇ ಸಾಲಿನಲ್ಲಿವೆ, ನಡುವೆ ಒಂದನ್ನೂ ಹಾರಿಸಬೇಡಿ.

## ಶುರು ಮಾಡುವ ಮುನ್ನ ಗೊತ್ತಿರಬೇಕಾದದ್ದು

ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ. 2700 ಅಂದರೆ ಹಳೆಯ ಬುರುಡೆ ಬಲ್ಬಿನ ಹಳದಿ. 4000 ಅಂದರೆ ಅತ್ತ ಹಳದಿಯೂ ಅಲ್ಲ, ಇತ್ತ ನೀಲಿಯೂ ಅಲ್ಲ ಅನ್ನುವಂಥ ಬಿಳಿ. 6500 ಅಂದರೆ ನೀಲಿ ಛಾಯೆಯ ಬಿಳಿ. ಸಂಖ್ಯೆ ಏರಿದಂತೆ ಬೆಳಕು 'ತಣ್ಣಗೆ' ಕಾಣುತ್ತದೆ. ಇದು ಬಣ್ಣದ ಲೆಕ್ಕ ಮಾತ್ರ. ಬೆಳಕು ಎಷ್ಟು ಬೀಳುತ್ತಿದೆ ಅನ್ನುವುದಕ್ಕೆ ಲಕ್ಸ್ ಅನ್ನುವ ಬೇರೆ ಅಳತೆ ಇದೆ. ಇವೆರಡನ್ನೂ ಬೆರೆಸಿಬಿಡುವುದೇ ಮುಕ್ಕಾಲು ಗೊಂದಲಕ್ಕೆ ಕಾರಣ.

ಬಣ್ಣ ಬದಲಿಸುವ ದೀಪದ ಒಳಗೆ ಎರಡು ಬಗೆಯ ಎಲ್‌ಇಡಿ ಇರುತ್ತವೆ: ಒಂದಿಷ್ಟು ಹಳದಿ, ಒಂದಿಷ್ಟು ನೀಲಿ ಬಿಳಿ. ಬಿಸಿನೀರಿನ ನಲ್ಲಿ, ತಣ್ಣೀರಿನ ನಲ್ಲಿ ಎರಡನ್ನೂ ಬೇಕಾದಷ್ಟು ತಿರುಗಿಸಿ ಹದ ಮಾಡಿಕೊಳ್ಳುವ ಹಾಗೆ, ಡ್ರೈವರ್ (ಎಲ್‌ಇಡಿಗೆ ಕರೆಂಟ್ ಹೊಂದಿಸಿ ಕೊಡುವ ಪೆಟ್ಟಿಗೆ) ಇವೆರಡನ್ನೂ ಬೆರೆಸಿ ನಡುವಿನ ಬಣ್ಣ ಕೊಡುತ್ತದೆ.

ಅಂಗಡಿಯಲ್ಲಿ 'ತ್ರೀ ಇನ್ ಒನ್' ಅಂತ ಸಿಗುವ ದೀಪ ಬೇರೆ. ಅದರಲ್ಲಿ ಗೋಡೆಯ ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಬಣ್ಣ ಬದಲಾಗುತ್ತದೆ, ಇಲ್ಲವೇ ಬೆನ್ನಿಗೆ ಒಂದು ಸಣ್ಣ ಜಾರುಗುಂಡಿ ಇರುತ್ತದೆ. ಮನೆಗೆ ಪರವಾಗಿಲ್ಲ. ತರಗತಿಗೆ ಬೇಡ. ಹತ್ತು ಹನ್ನೆರಡು ದೀಪಗಳಲ್ಲಿ ಯಾವುದಾದರೂ ಒಂದು ದೀಪ ಒಂದು ಎಣಿಕೆ ತಪ್ಪಿದರೂ ಸಾಕು, ಚಾವಣಿ ಚದುರಂಗದ ಹಾಸಾಗುತ್ತದೆ.

ಇನ್ನೊಂದು ಮಾತು. ಈ ಬೆಳಕಿನಿಂದ ಅಂಕ ಏರುತ್ತದೆ ಅಂತ ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಸರಿಯಾಗಿ ಹಾಕಿದರೆ ಬೋರ್ಡ್ ಚೆನ್ನಾಗಿ ಕಾಣುತ್ತದೆ, ಕಣ್ಣಿಗೆ ಹಿತವಾಗಿರುತ್ತದೆ, 'ಈಗ ಕೆಲಸ ಬದಲಾಯಿತು' ಅಂತ ಮಕ್ಕಳಿಗೆ ಸೂಚನೆ ಸಿಗುತ್ತದೆ. ಅಷ್ಟಕ್ಕೆ ದುಡ್ಡು ಹಾಕಲು ಒಪ್ಪಿಗೆ ಇದ್ದರೆ ಮುಂದೆ ಓದಿ.

## ಬೇಕಾಗುವ ಸಾಮಾನು

ಲಕ್ಸ್ ಮೀಟರ್ ಒಂದು ಬೇಕೇ ಬೇಕು. ಫೋನಿನ ಆ್ಯಪ್ ಸಾಲದು. ಅದರ ಸೆನ್ಸರ್ ಓರೆಯಾಗಿ ಬರುವ ಬೆಳಕನ್ನು ಸರಿಯಾಗಿ ಎಣಿಸುವುದಿಲ್ಲ. ಕೊಳ್ಳಲು ಆಗದಿದ್ದರೆ ಎರಡು ದಿನಕ್ಕೆ ಯಾರಿಂದಾದರೂ ಎರವಲು ತನ್ನಿ.

ಅಳತೆಯ ಟೇಪು, ಸೀಮೆಸುಣ್ಣ, ಕೋಣೆಯ ನಕ್ಷೆ ಬರೆದ ಹಾಳೆ, ಒಂದೇ ಕಟ್ಟಿನ ನಾಲ್ಕು ಬಿಳಿ ಹಾಳೆ, ಸ್ಲೋ ಮೋಷನ್ ವಿಡಿಯೊ ತೆಗೆಯುವ ಫೋನ್, ಒಂದು ಪೆನ್ಸಿಲ್. ಪೆನ್ಸಿಲ್ ಯಾಕೆ ಅಂತ ಹಂತ 3ರಲ್ಲಿ ಗೊತ್ತಾಗುತ್ತದೆ. ವೈರಿಂಗ್‌ಗೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಬೇಕು. ಮೇನ್ ಲೈನ್ ಮುಟ್ಟುವ ಕೆಲಸ ನೀವೇ ಮಾಡಬೇಡಿ.

## ಹಂತ 1: ಈಗಿರುವ ಬೆಳಕನ್ನು ಅಳೆಯಿರಿ

ಕತ್ತಲಾದ ಮೇಲೆ ಅಳೆಯಬೇಕು, ಇಲ್ಲದಿದ್ದರೆ ಪರದೆಗಳನ್ನು ಪೂರ್ತಿ ಮುಚ್ಚಿ. ದೀಪ ಹಾಕಿ ಅರ್ಧ ಗಂಟೆ ಬಿಡಿ. ಎಲ್‌ಇಡಿ ಬಿಸಿಯಾದಂತೆ ಬೆಳಕು ಸ್ವಲ್ಪ ಇಳಿಯುತ್ತದೆ, ತಕ್ಷಣ ಅಳೆದರೆ ಜಾಸ್ತಿ ತೋರಿಸುತ್ತದೆ.

ಗೋಡೆಯಿಂದ ಅರ್ಧ ಮೀಟರ್ ಬಿಟ್ಟು, ಉಳಿದ ಜಾಗವನ್ನು ಸೀಮೆಸುಣ್ಣದಲ್ಲಿ ಚೌಕಗಳಾಗಿ ಗುರುತು ಮಾಡಿ. ಸಾಮಾನ್ಯ ತರಗತಿಗೆ 20 ಚೌಕ ಸಾಕು. ಪ್ರತಿ ಚೌಕದ ನಡುವೆ ಡೆಸ್ಕಿನ ಎತ್ತರದಲ್ಲಿ ಮೀಟರ್ ಇಟ್ಟು ಬರೆದುಕೊಳ್ಳಿ. ಮೀಟರ್ ಕೈಯಲ್ಲಿ ಹಿಡಿಯಬೇಡಿ. ನಿಮ್ಮ ನೆರಳೇ ಅದರ ಮೇಲೆ ಬೀಳುತ್ತದೆ. ಡೆಸ್ಕಿನ ಮೇಲಿಟ್ಟು ಪಕ್ಕಕ್ಕೆ ಬಗ್ಗಿ ಓದಿ. ಆಮೇಲೆ ಬೋರ್ಡಿನ ಮೇಲೆ ಮೀಟರನ್ನು ಅಂಟಿಸಿದ ಹಾಗೆ ಒತ್ತಿ ಹಿಡಿದು, ನಾಲ್ಕು ಮೂಲೆ ಮತ್ತು ನಡುವೆ ಅಳೆಯಿರಿ.

ಡೆಸ್ಕಿನ ಮೇಲೆ ಸರಾಸರಿ 300 ಲಕ್ಸ್‌ಗಿಂತ ಕಡಿಮೆ ಇರಬಾರದು. 500 ಇದ್ದರೆ ಒಳ್ಳೆಯದು. 2021ರ ಯುರೋಪಿಯನ್ ಮಾನದಂಡ ತರಗತಿಗೆ ಕೇಳುವುದೂ 500. ಬೋರ್ಡಿನ ಮೇಲೂ ಅಷ್ಟೇ ಇರಲಿ. ಎಲ್ಲಕ್ಕಿಂತ ಕಡಿಮೆ ಬಂದ ಅಂಕಿಯನ್ನು ಸರಾಸರಿಯಿಂದ ಭಾಗಿಸಿ. 0.6ಕ್ಕಿಂತ ಕಡಿಮೆ ಬಂದರೆ ಬೆಳಕು ಸಮನಾಗಿ ಹರಡುತ್ತಿಲ್ಲ ಅಂತ ಅರ್ಥ. ಹೀಗಿದ್ದಾಗ ಹಳೆಯ ದೀಪದ ಜಾಗದಲ್ಲೇ ಹೊಸ ದೀಪ ಕೂರಿಸಬೇಡಿ. ಜಾಗವನ್ನೇ ಬದಲಿಸಬೇಕು.

ಗೋಡೆ, ಚಾವಣಿಗಳನ್ನೂ ಒಮ್ಮೆ ನೋಡಿ. ಕಡು ಬಣ್ಣದ ಗೋಡೆ ಬೆಳಕನ್ನು ನುಂಗುತ್ತದೆ. ಗಾಢ ಹಳದಿ ಅಥವಾ ಹಸಿರು ಗೋಡೆ ಇದ್ದರೆ ಕಣ್ಣಿಗೆ ಬರುವ ಬೆಳಕಿಗೂ ಅದೇ ಛಾಯೆ ಅಂಟುತ್ತದೆ, ನೀವು ಕೆಲ್ವಿನ್ ಎಷ್ಟೇ ತಿರುಗಿಸಿ. ಬಣ್ಣ ಬಳಿಸುವ ಯೋಚನೆ ಇದ್ದರೆ ದೀಪಕ್ಕೆ ಮೊದಲೇ ಮುಗಿಸಿ.

## ಹಂತ 2: ದೀಪದ ಸಂಖ್ಯೆ ಲೆಕ್ಕ ಹಾಕಿ, ಹಳದಿ ತುದಿಯನ್ನೂ ಸೇರಿಸಿ

ಲೆಕ್ಕ ಸುಲಭ. ಕೋಣೆಯ ಅಗಲ, ಉದ್ದ, ಬೇಕಾದ ಲಕ್ಸ್ ಮೂರನ್ನೂ ಗುಣಿಸಿ. 8 ಮೀಟರ್ ಉದ್ದ, 6 ಮೀಟರ್ ಅಗಲದ ಕೋಣೆಗೆ 500 ಲಕ್ಸ್ ಬೇಕಾದರೆ 24,000 ಲ್ಯೂಮೆನ್ (ದೀಪ ಕೊಡುವ ಒಟ್ಟು ಬೆಳಕಿನ ಅಳತೆ) ಡೆಸ್ಕಿಗೆ ತಲುಪಬೇಕು. ಆದರೆ ದೀಪ ಕೊಟ್ಟದ್ದೆಲ್ಲ ಡೆಸ್ಕಿಗೆ ಬರುವುದಿಲ್ಲ, ಗೋಡೆಗೆ ಚಾವಣಿಗೆ ಒಂದಿಷ್ಟು ಹೋಗುತ್ತದೆ. ಅದಕ್ಕೆ 0.65 ಅಂತ ಇಟ್ಟುಕೊಳ್ಳಿ. ಧೂಳು, ವಯಸ್ಸು ಎರಡಕ್ಕೂ ಸೇರಿಸಿ 0.8. ಎರಡನ್ನೂ ಗುಣಿಸಿದರೆ 0.52. 24,000ವನ್ನು 0.52ರಿಂದ ಭಾಗಿಸಿದರೆ ಸುಮಾರು 46,150 ಲ್ಯೂಮೆನ್. ಒಂದು ಪ್ಯಾನೆಲ್ 4,000 ಲ್ಯೂಮೆನ್ ಕೊಟ್ಟರೆ 12 ಪ್ಯಾನೆಲ್ ಬೇಕು.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಡಬ್ಬದ ಮೇಲೆ ಬರೆದ 4,000 ಲ್ಯೂಮೆನ್ ಯಾವ ಬಣ್ಣದ್ದು? ಸಾಮಾನ್ಯವಾಗಿ ನಡುವಿನ ಬಿಳಿಯದ್ದು. ಆಗ ಎರಡೂ ಬಗೆಯ ಎಲ್‌ಇಡಿ ಉರಿಯುತ್ತಿರುತ್ತವೆ. ಪೂರ್ತಿ ಹಳದಿಗೆ ತಿರುಗಿಸಿದರೆ ಒಂದು ಬಗೆ ಆರಿಹೋಗುತ್ತದೆ. ಉಳಿದದ್ದಕ್ಕೆ ಡ್ರೈವರ್ ಎಷ್ಟು ಕರೆಂಟ್ ಕೊಡುತ್ತದೆ ಅನ್ನುವುದರ ಮೇಲೆ ಬೆಳಕು ನಿಂತಿದೆ. ಚೆನ್ನಾಗಿರುವ ದೀಪದಲ್ಲಿ ಇಳಿಕೆ ಅಲ್ಪ. ಅಗ್ಗದ್ದರಲ್ಲಿ ಅರ್ಧಕ್ಕೆ ಇಳಿದರೂ ಇಳಿಯಬಹುದು.

ಹಾಗಾಗಿ ಮಾರುವವರ ಹತ್ತಿರ ಮೂರು ಅಂಕಿ ಬರೆಸಿಕೊಳ್ಳಿ: ಹಳದಿ ತುದಿಯಲ್ಲಿ, 4000ದಲ್ಲಿ, ಬಿಳಿ ತುದಿಯಲ್ಲಿ ಎಷ್ಟೆಷ್ಟು ಲ್ಯೂಮೆನ್. ಹಳದಿಯಲ್ಲಿ 3,400 ಅಂತ ಬಂದರೆ ಮೇಲಿನ ಕೋಣೆಯಲ್ಲಿ 12 ಪ್ಯಾನೆಲ್ ಕೊಡುವುದು ಸುಮಾರು 440 ಲಕ್ಸ್. ಹಳದಿ ಬೆಳಕನ್ನು ಬರೀ ಓದಿಗೆ, ಕಥೆಗೆ ಬಳಸುವುದಾದರೆ ಇದು ಧಾರಾಳ. ಸಂಜೆ ತರಗತಿ ಇದ್ದು, ಆ ಬೆಳಕಲ್ಲೇ ಬರೆಯುವ ಕೆಲಸವೂ ನಡೆಯುವುದಾದರೆ 14 ಬೇಕು. 14 ಸಮವಾಗಿ ಕೂರುವುದಿಲ್ಲ ಅಂತಾದರೆ ಐದೈದರ ಮೂರು ಸಾಲು ಹಾಕಿಸಿ. ಜಾಸ್ತಿಯಾದರೆ ಡಿಮ್ ಮಾಡಬಹುದು, ಕಡಿಮೆಯಾದರೆ ಮಾಡಲಿಕ್ಕೆ ಏನೂ ಇಲ್ಲ.

ಅಂದ ಹಾಗೆ, ಆ 0.8ರ ಕಾರಣಕ್ಕೆ ಹೊಸ ದೀಪ ಮೊದಲ ದಿನ 500ರ ಬದಲು 625 ಲಕ್ಸ್ ಕೊಡುತ್ತದೆ. ಶುರುವಿಗೆ 80 ಪರ್ಸೆಂಟ್‌ಗೆ ಇಟ್ಟು, ವರ್ಷಗಳು ಕಳೆದಂತೆ ಏರಿಸಿದರೆ ಕರೆಂಟೂ ಉಳಿಯುತ್ತದೆ.

## ಹಂತ 3: ಎರಡು ಮಾದರಿ ತರಿಸಿ, ಮಿನುಗು ನೋಡಿ

ಎಲ್ಲ ದೀಪಕ್ಕೂ ಒಟ್ಟಿಗೆ ಆರ್ಡರ್ ಕೊಡುವ ಮೊದಲು ಎರಡೇ ಎರಡು ತರಿಸಿ. ಡ್ರೈವರ್ ಸಮೇತ, ಕೊನೆಗೆ ಯಾವುದು ಹಾಕುತ್ತಾರೋ ಅದೇ ಡ್ರೈವರ್. ಇದರಲ್ಲಿ ರಾಜಿ ಬೇಡ.

ದೀಪಗಳು ಕಣ್ಣಿಗೆ ಗೊತ್ತಾಗದಷ್ಟು ವೇಗವಾಗಿ ಆರಿ ಹತ್ತುತ್ತಿರಬಹುದು. 50 ಹರ್ಟ್ಸ್ ಕರೆಂಟಿನಲ್ಲಿ ಕಳಪೆ ಡ್ರೈವರ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣದಿದ್ದರೂ ಕೆಲವು ಮಕ್ಕಳಿಗೆ ತಲೆನೋವು, ಕಣ್ಣುರಿ ಬರುತ್ತದೆ. ಮೈಗ್ರೇನ್ ಇರುವವರಿಗೆ, ಆಟಿಸಂ ಇರುವ ಕೆಲವು ಮಕ್ಕಳಿಗೆ ಕಾಟ ಇನ್ನೂ ಹೆಚ್ಚು. ಬಣ್ಣ ಬದಲಿಸುವ ದೀಪದಲ್ಲಿ ಈ ಅಪಾಯ ಜಾಸ್ತಿ. ಎರಡೂ ಬಗೆಯ ಎಲ್‌ಇಡಿಯನ್ನು ಡಿಮ್ ಮಾಡಿಯೇ ಬಣ್ಣ ಬೆರೆಸುವುದು, ಡಿಮ್ ಮಾಡಲು ಬಹಳ ಡ್ರೈವರ್‌ಗಳು ಬೆಳಕನ್ನು ಆರಿಸಿ ಹತ್ತಿಸುವುದು.

ಪರೀಕ್ಷೆ ಹೀಗೆ ಮಾಡಿ. ಕೋಣೆಯಲ್ಲಿ ಆ ದೀಪ ಬಿಟ್ಟು ಬೇರೆ ಬೆಳಕು ಇರಬಾರದು. ಪೆನ್ಸಿಲನ್ನು ದೀಪದ ಕೆಳಗೆ ಬೀಸಣಿಗೆ ಬೀಸಿದ ಹಾಗೆ ವೇಗವಾಗಿ ಆಡಿಸಿ. ಮಸುಕಾದ ಒಂದೇ ಪಟ್ಟಿ ಕಂಡರೆ ಒಳ್ಳೆಯದು. ಬೇರೆ ಬೇರೆ ನಾಲ್ಕೈದು ಪೆನ್ಸಿಲ್ ಜೋಡಿಸಿಟ್ಟ ಹಾಗೆ ಕಂಡರೆ ದೀಪ ಮಿನುಗುತ್ತಿದೆ. ಆಮೇಲೆ ಫೋನನ್ನು ಸೆಕೆಂಡಿಗೆ 240 ಫ್ರೇಮ್‌ನ ಸ್ಲೋ ಮೋಷನ್‌ಗೆ ಹಾಕಿ, ದೀಪ ಬಿದ್ದ ಬಿಳಿ ಹಾಳೆಯನ್ನು ಶೂಟ್ ಮಾಡಿ. ಕಪ್ಪು ಪಟ್ಟೆ ಹರಿದಾಡಿದರೆ ಅಥವಾ ಹಾಳೆ ಮಿಣಮಿಣ ಅಂದರೆ ಬೇಡ. ಇದನ್ನು ಪೂರ್ತಿ ಬೆಳಕು, ಅರ್ಧ, 10 ಪರ್ಸೆಂಟ್ ಮೂರರಲ್ಲೂ ಮಾಡಿ. ಮೂರಕ್ಕೂ ಹಳದಿ, ನಡು, ಬಿಳಿ. ಒಟ್ಟು ಒಂಬತ್ತು ಸಲ. ಬೇಜಾರಿನ ಕೆಲಸ ನಿಜ, ಆದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಪೂರ್ತಿ ಬೆಳಕಿನಲ್ಲಿ ಪಾಸಾದ ದೀಪ 10 ಪರ್ಸೆಂಟ್‌ಗೆ ಇಳಿಸಿದ ಕೂಡಲೇ ಫೇಲಾಗುವುದು ಹೊಸದೇನಲ್ಲ.

ಕಾಗದದಲ್ಲಿ ಕೇಳುವುದಾದರೆ, ಮಿನುಗು ಎಷ್ಟು ಗೊತ್ತಾಗುತ್ತದೆ ಅಂತ ಹೇಳುವ ಎಸ್‌ವಿಎಂ ಅನ್ನುವ ಅಂಕಿ 0.4ಕ್ಕಿಂತ ಜಾಸ್ತಿ ಇರಬಾರದು ಅಂತ ಬರೆಸಿ, ಡಿಮ್ ಮಾಡಿದಾಗಿನ ಅಂಕಿಯನ್ನೂ ಕೇಳಿ. 100 ಹರ್ಟ್ಸ್‌ನಲ್ಲಿ ಮಿನುಗುವ ದೀಪಕ್ಕೆ ಏರಿಳಿತ 8 ಪರ್ಸೆಂಟ್ ದಾಟಬಾರದು ಅನ್ನುವುದು ಎಂಜಿನಿಯರ್‌ಗಳ ಸಂಸ್ಥೆ ಐಇಇಇಯ 1789 ಅನ್ನುವ ಮಾನದಂಡದಲ್ಲಿ ಕಡಿಮೆ ಅಪಾಯದ ಗೆರೆ.

ಎರಡನೇ ಪರೀಕ್ಷೆ ಬಿಳಿ ಹಾಳೆಯದ್ದು. ಎರಡೂ ದೀಪಗಳನ್ನು 4000ಕ್ಕೆ ಇಟ್ಟು ಕೆಳಗೆ ಒಂದೊಂದು ಹಾಳೆ ಹಾಕಿ. ಮೊದಲನೆಯದಾಗಿ ಎರಡೂ ಹಾಳೆ ಒಂದೇ ಬಣ್ಣ ಕಾಣಬೇಕು. ಎರಡನೆಯದಾಗಿ ಹಾಳೆ ಗುಲಾಬಿ ಛಾಯೆಗೆ ತಿರುಗಬಾರದು. ಯಾಕೆ ಗುಲಾಬಿ? ಬಣ್ಣದ ನಕ್ಷೆಯಲ್ಲಿ ಸಹಜ ಬಿಳಿ ಬೆಳಕುಗಳು ಬಿಲ್ಲಿನ ಹಾಗೆ ಬಾಗಿದ ಗೆರೆಯ ಮೇಲೆ ಇರುತ್ತವೆ. ಎರಡೇ ಬಣ್ಣ ಬೆರೆಸಿದಾಗ ಸಿಗುವುದು ಎರಡು ತುದಿ ಸೇರಿಸುವ ನೇರ ಗೆರೆ. ನಡುವೆ ಅದು ಬಿಲ್ಲಿನ ಕೆಳಗೆ, ಗುಲಾಬಿ ಕಡೆಗೆ ಸರಿಯುತ್ತದೆ. ತುದಿಗಳು ಎಷ್ಟು ದೂರವೋ ಅಷ್ಟು ಗುಲಾಬಿ. ತರಗತಿಗೆ 2700ರಿಂದ 6500ರವರೆಗಿನ ಅಗಲ ಬೇಕಿಲ್ಲ, 3000ದಿಂದ 5500 ಸಾಕು. ಎರಡರ ಬದಲು ಮೂರು ಬಗೆಯ ಎಲ್‌ಇಡಿ ಇರುವ ದೀಪ ಸಿಕ್ಕರೆ ಇನ್ನೂ ಒಳ್ಳೆಯದು.

ಬಣ್ಣ ಸರಿಯಾಗಿ ತೋರಿಸುವ ಅಂಕಿ ಸಿಆರ್‌ಐ. ಮಾಮೂಲಿ ತರಗತಿಗೆ 80, ಚಿತ್ರಕಲೆ ಕೋಣೆಗೆ 90. ಕಣ್ಣು ಕುಕ್ಕುವುದರ ಅಂಕಿ ಯುಜಿಆರ್, ಅದು 19 ದಾಟಬಾರದು. ಮಾದರಿ ದೀಪ ಚಾವಣಿಗೆ ಹಿಡಿಸಿ, ಕೊನೆಯ ಬೆಂಚಿನಲ್ಲಿ ಕೂತು ಬೋರ್ಡ್ ನೋಡಿ. ದೀಪವೇ ಕಣ್ಣಿಗೆ ಚುಚ್ಚಿದರೆ ಅಂಕಿ ಏನೇ ಹೇಳಲಿ, ಬೇರೆ ದೀಪ ನೋಡಿ.

## ಹಂತ 4: ನಿಯಂತ್ರಣದ ದಾರಿ ಆರಿಸಿ

ಮೂರು ದಾರಿಗಳಿವೆ.

0-10 ವೋಲ್ಟ್: ಬೆಳಕಿಗೆ ಒಂದು ಜೋಡಿ ತಂತಿ, ಬಣ್ಣಕ್ಕೆ ಇನ್ನೊಂದು ಜೋಡಿ. ಒಂದು ಕೋಣೆಗೆ ಸರಳ, ಅಗ್ಗ. ಪ್ಲಸ್ ಮೈನಸ್ ಅದಲುಬದಲು ಮಾಡಬಾರದು. ತಂತಿ ಎಲ್ಲಾದರೂ ಕಿತ್ತುಬಂದರೆ ಅದರಾಚೆಯ ದೀಪಗಳು ಪೂರ್ತಿ ಬೆಳಕಿಗೆ ಹೋಗುತ್ತವೆ. ಗುಂಪು ಬದಲಿಸಬೇಕಾದರೆ ವೈರಿಂಗನ್ನೇ ಬದಲಿಸಬೇಕು.

ಡಾಲಿ (ದೀಪಗಳಿಗೆ ಡಿಜಿಟಲ್ ಆದೇಶ ಕಳಿಸುವ ಪದ್ಧತಿ): ಎರಡೇ ತಂತಿ, ಪ್ರತಿ ದೀಪಕ್ಕೂ ಒಂದು ಅಡ್ರೆಸ್. ಗುಂಪುಗಳನ್ನು ಸಾಫ್ಟ್‌ವೇರ್‌ನಲ್ಲಿ ಬದಲಿಸಬಹುದು. ಒಂದು ಲೈನಿನಲ್ಲಿ 64 ಅಡ್ರೆಸ್, 16 ಗುಂಪು, 16 ಸೀನ್ (ಒಂದು ಬಟನ್‌ಗೆ ಬರುವ ಹಾಗೆ ಮೊದಲೇ ಕೂರಿಸಿಟ್ಟ ಬೆಳಕು, ಬಣ್ಣ). ಇಲ್ಲಿ ಒಂದು ಗುಂಡಿ ಇದೆ, ಬೀಳಬೇಡಿ. ಡ್ರೈವರ್ 'ಡಿಟಿ8' ಆಗಿದ್ದರೆ ಒಂದು ದೀಪಕ್ಕೆ ಒಂದೇ ಅಡ್ರೆಸ್. ಹಳೆಯ 'ಡಿಟಿ6' ಆಗಿದ್ದರೆ ಹಳದಿಗೊಂದು, ಬಿಳಿಗೊಂದು, ಎರಡು ಅಡ್ರೆಸ್. 15 ದೀಪದ ಕೋಣೆಗಳಾದರೆ ಡಿಟಿ8ರಲ್ಲಿ ಒಂದು ಲೈನಿಗೆ ನಾಲ್ಕು ಕೋಣೆ, ಡಿಟಿ6ರಲ್ಲಿ ಎರಡೇ. ಅದರ ಮೇಲೆ ಡಿಟಿ6ರಲ್ಲಿ ಬಣ್ಣ ಬೆರೆಸುವ ಲೆಕ್ಕವನ್ನೂ ಕಂಟ್ರೋಲರೇ ಮಾಡಬೇಕು. ಆರ್ಡರ್ ಪತ್ರದಲ್ಲಿ ಡಿಟಿ8 ಅಂತ ಬರೆಯಿರಿ.

ವೈರ್‌ಲೆಸ್: ಬ್ಲೂಟೂತ್ ಮೆಶ್ ಅಥವಾ ಜಿಗ್‌ಬೀ. ಹಳೆಯ ಕಟ್ಟಡದಲ್ಲಿ ಗೋಡೆ ಕೊರೆಯಲು ಆಗದಿದ್ದರೆ ಇದೇ ದಾರಿ. ಇದರ ದೊಡ್ಡ ತೊಂದರೆ ರೇಡಿಯೊ ಸಿಗ್ನಲ್ಲಿನದ್ದು ಅಂದುಕೊಳ್ಳಬೇಡಿ, ಗೋಡೆಯ ಹಳೆಯ ಸ್ವಿಚ್ಚಿನದ್ದು. ಅದನ್ನು ಯಾರಾದರೂ ಆಫ್ ಮಾಡಿದರೆ ದೀಪದ ರೇಡಿಯೊ ಕೂಡ ಸಾಯುತ್ತದೆ. ಹಳೆಯ ಸ್ವಿಚ್ ಬೈಪಾಸ್ ಮಾಡಿಸಿ ಮುಚ್ಚಿಬಿಡಿ. ಕರೆಂಟ್ ಕಡಿಯಲು ಎಂಸಿಬಿ (ಮೇನ್ ಪೆಟ್ಟಿಗೆಯ ಟ್ರಿಪ್ ಸ್ವಿಚ್) ಇರುತ್ತದಲ್ಲ.

ಹೊಸ ಕಟ್ಟಡ, ಅಥವಾ ನಾಲ್ಕಕ್ಕಿಂತ ಹೆಚ್ಚು ಕೋಣೆ ಇದ್ದರೆ ನನ್ನ ಮಟ್ಟಿಗೆ ಡಾಲಿಯೇ ಸರಿ. ಒಂದೇ ಕೋಣೆಯಲ್ಲಿ ಪ್ರಯೋಗ ಮಾಡಿ ನೋಡುವವರಿಗೆ ವೈರ್‌ಲೆಸ್ ಸಾಕು.

## ಹಂತ 5: ಮೊದಲು ಗುಂಪು, ಆಮೇಲೆ ತಂತಿ

ನಕ್ಷೆಯ ಮೇಲೆ ಮೂರು ಗುಂಪು ಬರೆಯಿರಿ: ಕಿಟಕಿ ಪಕ್ಕದ ಸಾಲು, ಉಳಿದ ಕೋಣೆ, ಬೋರ್ಡಿನ ದೀಪ. ಮೂರಕ್ಕೂ ಬೆಳಕು ಬೇರೆ ಬೇರೆ ಇರಬಹುದು, ಬಣ್ಣ ಮಾತ್ರ ಒಟ್ಟಿಗೆ ಬದಲಾಗಬೇಕು. ಬೋರ್ಡ್ ನೀಲಿ ಬಿಳಿ, ಕೋಣೆ ಹಳದಿ ಅಂತಾದರೆ ಬೋರ್ಡಿನಿಂದ ಪುಸ್ತಕಕ್ಕೆ ಕಣ್ಣು ಹಾಯಿಸಿದಾಗಲೆಲ್ಲ ಕಿರಿಕಿರಿ.

ಡೇಲೈಟ್ ಸೆನ್ಸರ್ ಹಾಕುವುದಾದರೆ ಅದು ಕಿಟಕಿ ಸಾಲಿನ ಬೆಳಕನ್ನು ಮಾತ್ರ ಇಳಿಸಲಿ. ಬಣ್ಣದ ತಂಟೆಗೆ ಹೋಗಬಾರದು. ಮೋಡ ಬಂದು ಹೋದಾಗಲೆಲ್ಲ ಕೋಣೆಯ ಬಣ್ಣ ಬದಲಾದರೆ ಪಾಠ ಕೇಳುವವರು ಯಾರು?

ಡಾಲಿ ತಂತಿಗೆ ಮೇನ್ ವೋಲ್ಟೇಜ್ ತಡೆಯುವ ಕೇಬಲ್ಲನ್ನೇ ಬಳಸಬೇಕು. 1.5 ಚದರ ಮಿಲಿಮೀಟರ್ ತಂತಿಯಲ್ಲಿ 300 ಮೀಟರ್‌ವರೆಗೆ ಎಳೆಯಬಹುದು. ಕವಲು ಹೊಡೆಯಬಹುದು, ಸುತ್ತಿ ತಂದು ಉಂಗುರ ಮಾಡಬಾರದು. ಸೀಲಿಂಗ್ ಮುಚ್ಚುವ ಮೊದಲು ಎಲೆಕ್ಟ್ರಿಷಿಯನ್ ಡಾಲಿ ಜೋಡಿಗೆ ಮೇನ್ ಸೇರಿಲ್ಲ ಅಂತ ಮೀಟರ್‌ನಲ್ಲಿ ನೋಡಿ ಹೇಳಬೇಕು. ತಪ್ಪಿ ಮೇನ್ ಕೊಟ್ಟರೆ ಆ ಲೈನಿನ ಡ್ರೈವರ್‌ಗಳು ಒಟ್ಟಿಗೆ ಸುಟ್ಟುಹೋಗಬಹುದು.

ಡ್ರೈವರನ್ನು ಕೈಗೆಟುಕುವ ಕಡೆ ಇಡಿಸಿ. ಫಾಲ್ಸ್ ಸೀಲಿಂಗ್‌ನ ಹಲಗೆ ಎತ್ತಿದರೆ ಕಾಣಬೇಕು.

## ಹಂತ 6: ಸೀನ್‌ಗಳನ್ನು ಕೂರಿಸಿ

ಈಗ ಬಣ್ಣದ ಸರದಿ. ನಾಲ್ಕೇ ನಾಲ್ಕು ಸೀನ್ ಮಾಡಿ.

'ಪಾಠ': 4000 ಕೆಲ್ವಿನ್, ಡೆಸ್ಕಿನ ಮೇಲೆ 500 ಲಕ್ಸ್. ದಿನದ ಹೆಚ್ಚಿನ ಸಮಯ ಇದೇ. ಪರೀಕ್ಷೆಗೂ ಇದೇ. ಪರೀಕ್ಷೆ ನಡುವೆ ಬಣ್ಣ ಬದಲಿಸಬೇಡಿ.

'ಚುರುಕು': 5000ದಿಂದ 5500, ಪೂರ್ತಿ ಬೆಳಕು. ಬೆಳಗಿನ ಮೊದಲ ಪೀರಿಯಡ್ಡಿಗೆ, ಊಟ ಆದ ಮೇಲಿನ ತೂಕಡಿಕೆಗೆ. 20ರಿಂದ 30 ನಿಮಿಷ ಸಾಕು.

'ಓದು': 3000ದಿಂದ 3500, 300 ಲಕ್ಸ್. ಕಥೆ, ಮೌನ ಓದು, ಗಲಾಟೆ ಪೀರಿಯಡ್ ಆದ ಮೇಲೆ ಸಮಾಧಾನ ಮಾಡಲು.

'ಪರದೆ': ಪ್ರೊಜೆಕ್ಟರ್ ಹಾಕಿದಾಗ ಬೋರ್ಡಿನ ದೀಪ ಆಫ್, ಕಿಟಕಿ ಮತ್ತು ಕೋಣೆ 30ರಿಂದ 50 ಪರ್ಸೆಂಟ್. ನೋಟ್ಸ್ ಬರೆಯುವಷ್ಟು ಬೆಳಕು ಉಳಿಯಬೇಕು.

'ಚುರುಕು' ಸೀನಿಗೆ 6500 ಯಾಕೆ ಬೇಡ ಅಂತ ಕೇಳುತ್ತಾರೆ. ಕಣ್ಣಿನಲ್ಲಿ ಹಗಲು ರಾತ್ರಿ ಗುರುತಿಸುವ ಕೋಶಗಳಿವೆ. 480 ನ್ಯಾನೊಮೀಟರ್ ಆಸುಪಾಸಿನ ನೀಲಿಗೆ ಅವು ಹೆಚ್ಚು ಸ್ಪಂದಿಸುತ್ತವೆ. ಅದಕ್ಕೇ ಬಿಳಿ ಬೆಳಕಿಗೆ ಎಚ್ಚರ ಜಾಸ್ತಿ ಅನ್ನುವುದು. ಆದರೆ ಬೆಳಕಿನ ಪ್ರಮಾಣವೂ ಅಷ್ಟೇ ಮುಖ್ಯ. 6500ರಲ್ಲಿ 300 ಲಕ್ಸ್ ಕೊಟ್ಟರೂ 4000ದಲ್ಲಿ 500 ಲಕ್ಸ್ ಕೊಟ್ಟರೂ ಆ ಕೋಶಗಳಿಗೆ ಹೆಚ್ಚುಕಡಿಮೆ ಅಷ್ಟೇ ನೀಲಿ ಸಿಗುತ್ತದೆ. ಮೇಲಿಂದ 6500ರಲ್ಲಿ ಮುಖಗಳು ಬಿಳಿಚಿಕೊಂಡು ಕಾಣುತ್ತವೆ, ಟೀಚರ್‌ಗಳು ಬಟನ್ ಮುಟ್ಟುವುದನ್ನೇ ಬಿಡುತ್ತಾರೆ. ಹಗಲಿನಲ್ಲಿ ಕಿಟಕಿಯ ಪರದೆ ಸರಿಸಿದರೆ ಸಿಗುವ ಲಾಭ ಯಾವ ಬಟನ್‌ನಿಂದಲೂ ಸಿಗುವುದಿಲ್ಲ ಅನ್ನುವುದೂ ನೆನಪಿರಲಿ. ಬಿಸಿಲಿದ್ದಾಗ 'ಓದು' ಹಾಕಿದರೆ ಕಿಟಕಿಯ ನೀಲಿ ಬೆಳಕು, ದೀಪದ ಹಳದಿ ಎರಡೂ ಸೇರಿ ಕೋಣೆ ತೇಪೆ ಹಾಕಿದ ಹಾಗೆ ಕಾಣುತ್ತದೆ. ಆಗ 4000ದಲ್ಲೇ ಇಟ್ಟು ಬೆಳಕು ಮಾತ್ರ ಇಳಿಸಿ.

ಸಂಜೆ ತರಗತಿ ಅಥವಾ ಹಾಸ್ಟೆಲ್ ಓದುಕೋಣೆ ಇದ್ದರೆ ಕತ್ತಲಾದ ಮೇಲೆ 'ಚುರುಕು' ಸಿಗದ ಹಾಗೆ ಮಾಡಿ. ಮಕ್ಕಳ ಕಣ್ಣಿನ ಮಸೂರ ದೊಡ್ಡವರದಕ್ಕಿಂತ ತಿಳಿಯಾಗಿರುತ್ತದೆ, ರಾತ್ರಿಯ ಬಿಳಿ ಬೆಳಕು ಅವರ ನಿದ್ದೆಯನ್ನು ಜಾಸ್ತಿ ಕೆಡಿಸುತ್ತದೆ. 3000 ಕೆಲ್ವಿನ್, ಬರೆಯಲು ಬೇಕಾದಷ್ಟು ಬೆಳಕು, ಅಷ್ಟೇ.

ಕೆಲ್ವಿನ್ ಹೆಜ್ಜೆಗಳು ಕಣ್ಣಿಗೆ ಸಮನಾಗಿ ಕಾಣುವುದಿಲ್ಲ ಅನ್ನುವುದೂ ಇಲ್ಲಿ ಕೆಲಸಕ್ಕೆ ಬರುತ್ತದೆ. 2700ರಿಂದ 3000ಕ್ಕೆ ಹೋದರೆ ಥಟ್ಟನೆ ಗೊತ್ತಾಗುತ್ತದೆ. 6000ದಿಂದ 6300ಕ್ಕೆ ಹೋದರೆ ಯಾರಿಗೂ ತಿಳಿಯುವುದಿಲ್ಲ. 10 ಲಕ್ಷವನ್ನು ಕೆಲ್ವಿನ್‌ನಿಂದ ಭಾಗಿಸಿದರೆ ಬರುವ ಮೈರೆಡ್ ಅಂಕಿ ಕಣ್ಣಿಗೆ ಹತ್ತಿರ. ಮೊದಲನೆಯದರಲ್ಲಿ ವ್ಯತ್ಯಾಸ 37, ಎರಡನೆಯದರಲ್ಲಿ ಸುಮಾರು 8. ಸೀನ್‌ಗಳ ನಡುವೆ ಕನಿಷ್ಠ 35 ಮೈರೆಡ್ ಅಂತರ ಇಡಿ. ಇಲ್ಲದಿದ್ದರೆ 'ಬಟನ್ ಕೆಲಸ ಮಾಡ್ತಿಲ್ಲ' ಅನ್ನುವ ದೂರು ಬರುತ್ತದೆ.

ಬಟನ್ ಒತ್ತಿದರೆ ಎರಡು ಮೂರು ಸೆಕೆಂಡಿನಲ್ಲಿ ಬದಲಾಗಲಿ. ಟೈಮರ್‌ನಿಂದ ಬದಲಾಗುವುದಾದರೆ 15, 20 ನಿಮಿಷ ತೆಗೆದುಕೊಂಡು ಯಾರಿಗೂ ಗೊತ್ತಾಗದ ಹಾಗೆ ಸರಿಯಬೇಕು. ಡಾಲಿಯ ಮಾಮೂಲಿ ಫೇಡ್ (ನಿಧಾನ ಬದಲಾವಣೆ) 90 ಸೆಕೆಂಡಿಗೇ ಮುಗಿಯುತ್ತದೆ. ಅದಕ್ಕಿಂತ ನಿಧಾನ ಬೇಕಾದರೆ ಕಂಟ್ರೋಲರ್ ಚಿಕ್ಕ ಚಿಕ್ಕ ಹೆಜ್ಜೆ ಕಳಿಸಬೇಕು, ಅದನ್ನು ಮೊದಲೇ ಹೇಳಿಡಿ. ಮೊದಲ ತಿಂಗಳು ಟೈಮರ್ ಬೇಡವೇ ಬೇಡ. ಆಮೇಲೆ ಹಾಕಿದರೂ ಟೀಚರ್ ಒತ್ತಿದ ಬಟನ್‌ನದೇ ಕೊನೆಯ ಮಾತಾಗಿರಲಿ.

ಕರೆಂಟ್ ಹೋಗಿ ಬಂದಾಗ ಏನಾಗಬೇಕು ಅನ್ನುವುದನ್ನೂ ಈಗಲೇ ಕೂರಿಸಿ. ಡಾಲಿ ಡ್ರೈವರ್ ಕಾರ್ಖಾನೆಯಿಂದ ಬರುವಾಗ 'ಪೂರ್ತಿ ಬೆಳಕು' ಅಂತಲೇ ಇರುತ್ತದೆ. ಪವರ್ ಆನ್ ಲೆವೆಲ್, ಪವರ್ ಆನ್ ಬಣ್ಣ ಎರಡನ್ನೂ 'ಪಾಠ' ಸೀನಿಗೆ ಬದಲಿಸಿ. ಬೆಳಕನ್ನು ಮಾತ್ರ ಕೂರಿಸಿ ಬಣ್ಣ ಮರೆತರೆ, ಶುರುವಿನಲ್ಲಿ ಹೇಳಿದ 'ಒಂದೊಂದು ದೀಪ ಒಂದೊಂದು ಬಣ್ಣ' ಆಗುವುದು ಹೀಗೇ.

## ಹಂತ 7: ಬಟನ್ ಫಲಕ

ಐದು ಬಟನ್. ನಾಲ್ಕು ಸೀನ್, ಒಂದು ಆಫ್. ಬಟನ್ ಮೇಲೆ ಕೆಲ್ವಿನ್ ಸಂಖ್ಯೆ ಬರೆಯಬೇಡಿ. ಕೆಲಸದ ಹೆಸರು ಬರೆಯಿರಿ: ಪಾಠ, ಚುರುಕು, ಓದು, ಪರದೆ. ಜಾರಿಸುವ ಸ್ಲೈಡರ್, ಬಣ್ಣದ ಚಕ್ರ ಯಾವುದೂ ಬೇಡ. ಆ್ಯಪ್ ಮಾತ್ರ ಕೊಟ್ಟು ಗೋಡೆಗೆ ಏನೂ ಹಾಕದಿದ್ದರೆ ಆ ಕೋಣೆಯ ಬಣ್ಣ ಇನ್ನು ಬದಲಾಗಲಿಕ್ಕಿಲ್ಲ.

ಬಾಗಿಲ ಹತ್ತಿರ ಒಂದು, ಬೋರ್ಡಿನ ಹತ್ತಿರ ಒಂದು ಫಲಕ ಇರಲಿ. ಬದಲಿ ಟೀಚರ್ ಒಬ್ಬರನ್ನು ಕರೆದು, ಏನೂ ವಿವರಿಸದೆ, 'ಪ್ರೊಜೆಕ್ಟರ್‌ಗೆ ಹಾಕಿ ನೋಡೋಣ' ಅನ್ನಿ. ಅವರು ತಡಕಾಡಿದರೆ ಲೇಬಲ್ ಬದಲಿಸಿ.

## ಹಂತ 8: ರಾತ್ರಿ ಪರೀಕ್ಷೆ ಮತ್ತು ಒಪ್ಪಿಸಿಕೊಳ್ಳುವುದು

ಹಂತ 1ರ ಅದೇ ಚೌಕಗಳಲ್ಲಿ ಪ್ರತಿ ಸೀನಿಗೂ ಮತ್ತೆ ಅಳೆಯಿರಿ. 'ಓದು' ಸೀನಿನಲ್ಲಿ 300ಕ್ಕಿಂತ ಕಡಿಮೆ ಬಂದರೆ ಬಿಲ್ ಪಾಸು ಮಾಡುವ ಮೊದಲೇ ಮಾತಾಡಿ. ಎಂಸಿಬಿ ಇಳಿಸಿ, ಒಂದು ನಿಮಿಷ ಬಿಟ್ಟು ಏರಿಸಿ. ಎಲ್ಲ ದೀಪ ಒಂದೇ ಬಣ್ಣದಲ್ಲಿ ಬರಬೇಕು.

ಎಲೆಕ್ಟ್ರಿಷಿಯನ್ ಹೋಗುವ ಮುನ್ನ ಮೂರು ವಸ್ತು ಕೈಗೆ ಬರಲಿ: ಯಾವ ದೀಪಕ್ಕೆ ಯಾವ ಅಡ್ರೆಸ್ ಅನ್ನುವ ನಕ್ಷೆ, ಸೀನ್‌ಗಳ ಅಂಕಿ ಬರೆದ ಹಾಳೆ, ಸೆಟ್ಟಿಂಗ್ ಫೈಲಿನ ಕಾಪಿ. ವೈರ್‌ಲೆಸ್ ಆದರೆ ಆ್ಯಪ್‌ನ ಮಾಲೀಕ ಖಾತೆ ಶಾಲೆಯ ಇಮೇಲ್‌ಗೆ ಇರಬೇಕು. ಕೆಲಸ ಮಾಡಿದವರ ಫೋನಿನಲ್ಲೇ ಉಳಿದು, ಅವರು ನಂಬರ್ ಬದಲಿಸಿದರೆ ಒಂದು ಸೀನ್ ತಿದ್ದಲು ಇಡೀ ಕೋಣೆಯನ್ನು ರೀಸೆಟ್ ಮಾಡಬೇಕಾಗುತ್ತದೆ.

## ಎಚ್ಚರಿಕೆಯ ಲಕ್ಷಣಗಳು

ಎಲ್ಲ ದೀಪ ಪೂರ್ತಿ ಬೆಳಕಿನಲ್ಲಿ, ಬಟನ್‌ಗೆ ಕಿಮ್ಮತ್ತಿಲ್ಲ. ಡಾಲಿ ಲೈನಿನ ಪವರ್ ಸಪ್ಲೈ ಹೋಗಿದೆ ಅಥವಾ ಎರಡು ತಂತಿ ಎಲ್ಲೋ ತಾಗಿವೆ. ಲೈನ್ ಸತ್ತಾಗ ಪೂರ್ತಿ ಬೆಳಕಿಗೆ ಹೋಗುವುದು ಡ್ರೈವರ್‌ನ ಕಾರ್ಖಾನೆ ಸೆಟ್ಟಿಂಗ್. ದೀಪ ಬಿಚ್ಚುವ ಮೊದಲು ಸಪ್ಲೈ ನೋಡಿಸಿ.

ಒಂದೇ ದೀಪ ಬೇರೆ ಬಣ್ಣ. ಡ್ರೈವರ್ ಬದಲಿಸಿದವರು ಅಡ್ರೆಸ್, ಸೀನ್ ಕೂರಿಸಿಲ್ಲ. ಇಲ್ಲವೇ ಹಳದಿ, ಬಿಳಿ ತಂತಿಗಳು ಅದಲುಬದಲಾಗಿವೆ. 'ಓದು' ಒತ್ತಿದಾಗ ಅದೊಂದೇ ಬೆಳ್ಳಗಾದರೆ ಎರಡನೆಯದ್ದೇ ಕಾರಣ.

ಡಿಮ್ ಮಾಡಿದಾಗ ಗುಂಯ್ ಸದ್ದು. ಡ್ರೈವರ್ ಸದ್ದು. ಮೌನ ಓದಿನ ಸಮಯದಲ್ಲೇ ಇದು ಜಾಸ್ತಿ ಕೇಳುವುದು. ವಾರಂಟಿ ಇರುವಾಗಲೇ ಬದಲಿಸಿಕೊಳ್ಳಿ.

ಮಕ್ಕಳು ಹಣೆಗೆ ಕೈ ಅಡ್ಡ ಹಿಡಿದು ಓದುವುದು, ಒಂದೇ ಜಾಗದವರು ಪದೇ ಪದೇ ಕಣ್ಣು ಉಜ್ಜುವುದು. ಆ ಬೆಂಚಿನಲ್ಲಿ ನೀವೇ ಕೂತು ನೋಡಿ. ದೀಪ ಕಣ್ಣು ಕುಕ್ಕುತ್ತಿರಬಹುದು, ಮಿನುಗುತ್ತಿರಬಹುದು. ಫೋನ್ ತೆಗೆದು ಸ್ಲೋ ಮೋಷನ್ ಪರೀಕ್ಷೆ ಮತ್ತೆ ಮಾಡಿ.

ವರ್ಷಗಳು ಕಳೆದಂತೆ ಬಣ್ಣ ಸರಿಯುವುದು. ಹಳದಿ, ಬಿಳಿ ಎಲ್‌ಇಡಿಗಳು ಒಂದೇ ವೇಗದಲ್ಲಿ ಹಳೆಯದಾಗುವುದಿಲ್ಲ. ಯಾವುದು ಜಾಸ್ತಿ ಉರಿದಿದೆಯೋ ಅದು ಬೇಗ ಮಂಕಾಗುತ್ತದೆ. ಎಲ್ಲ ದೀಪವೂ ಒಟ್ಟಿಗೆ ಸರಿದರೆ ಸೀನ್ ತಿದ್ದಿದರೆ ಸಾಕು. ಒಂದೆರಡು ಮಾತ್ರ ಸರಿದರೆ ಅವನ್ನು ಬದಲಿಸಿ.

## ಆಮೇಲಿನ ಆರೈಕೆ

ವರ್ಷಕ್ಕೊಮ್ಮೆ ರಜೆಯಲ್ಲಿ ದೀಪದ ಮುಖವನ್ನು ಒಣ ಬಟ್ಟೆಯಿಂದ ಒರೆಸಿ, ಐದು ಚೌಕಗಳಲ್ಲಿ ಲಕ್ಸ್ ಅಳೆದು ಹಳೆಯ ಹಾಳೆಯ ಪಕ್ಕದಲ್ಲಿ ಬರೆಯಿರಿ. ಬೆಳಕು ಇಳಿದಿದ್ದರೆ ಆ 80 ಪರ್ಸೆಂಟ್ ಅನ್ನು ಸ್ವಲ್ಪ ಏರಿಸಿ.

ಆರ್ಡರ್ ಕೊಡುವಾಗಲೇ ಅದೇ ಬ್ಯಾಚಿನ ಎರಡು ದೀಪ, ಎರಡು ಡ್ರೈವರ್ ಹೆಚ್ಚಿಗೆ ತರಿಸಿ ಸ್ಟೋರಿನಲ್ಲಿಡಿ. ಮೂರು ವರ್ಷ ಬಿಟ್ಟು ಅದೇ ಕಂಪನಿಯ ಅದೇ ಮಾದರಿ ತಂದರೂ ಬಿಳಿಯ ಛಾಯೆ ಒಂದು ಎಳೆ ಬೇರೆ ಇರುತ್ತದೆ. ಡಬ್ಬದ ಮೇಲೆ ಕೋಣೆಯ ಹೆಸರು, ತರಿಸಿದ ವರ್ಷ ಬರೆದು, ಅಡ್ರೆಸ್ ನಕ್ಷೆಯ ಒಂದು ಜೆರಾಕ್ಸ್ ಅದರೊಳಗೇ ಹಾಕಿಡಿ.